ರೆಸಾರ್ಟಿನ ಶಾಂಪೂ, ಕೆಳಗಿನ ತೋಡು: ಸಂರಕ್ಷಕ ರಾಸಾಯನಿಕಗಳನ್ನು ಎಂಬಿಆರ್ ಎಷ್ಟರಮಟ್ಟಿಗೆ ತೆಗೆಯುತ್ತದೆ?

ಕೊಡಗಿನಲ್ಲಿ ನಲವತ್ತು ಐವತ್ತು ಕೋಣೆಯ ರೆಸಾರ್ಟ್ ಕಟ್ಟುವವರಿಗೆ ಈಗ ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ) ಎಂದ ಕೂಡಲೇ ನೆನಪಾಗುವುದು ಎಂಬಿಆರ್, ಅಂದರೆ ಮೆಂಬ್ರೇನ್ ಬಯೋರಿಯಾಕ್ಟರ್: ತೊಟ್ಟಿಯ ಬ್ಯಾಕ್ಟೀರಿಯಾಗಳು ಕೊಳೆ ತಿನ್ನುತ್ತವೆ, ಸಣ್ಣ ರಂಧ್ರದ ಪೊರೆ ನೀರನ್ನು ಸೋಸುತ್ತದೆ. ಜಾಗ ಕಡಿಮೆ ಸಾಕು, ಇಳಿಜಾರಿನಲ್ಲಿ ದೊಡ್ಡ ತೊಟ್ಟಿ ಅಗೆಯುವ ತಾಪತ್ರಯವಿಲ್ಲ, ಹೊರಬರುವ ನೀರು ತಿಳಿ. 0.04 ಮೈಕ್ರಾನಿನ ಪೊರೆ ಇರುವುದರಿಂದ ಶಾಂಪೂ, ಕ್ರೀಮುಗಳ ರಾಸಾಯನಿಕವೂ ಅದರಲ್ಲೇ ನಿಲ್ಲುತ್ತದೆ ಎಂಬ ಮಾತೂ ಇದರ ಜೊತೆ ಕೇಳಿಬರುತ್ತದೆ. ಆ ಮಾತು ಅರ್ಧ ನಿಜ. ಚೆನ್ನಾಗಿ ನಡೆಸಿದ ಎಂಬಿಆರ್‌ನಲ್ಲಿ ಸಂರಕ್ಷಕಗಳ (ಶಾಂಪೂ, ಕ್ರೀಮು ಕೆಡದಂತೆ ಬೆರೆಸುವ ರಾಸಾಯನಿಕಗಳ) ಬಹುಪಾಲು ಹೋಗುತ್ತದೆ, ಅವುಗಳಲ್ಲೊಂದು ಗುಂಪಾದ ಪ್ಯಾರಬೆನ್‌ಗಳಂತೂ ಶೇ. 95ಕ್ಕೂ ಮೇಲೆ ಹೋಗುತ್ತವೆ. ಆದರೆ ಆ ಕೆಲಸ ಮಾಡುವುದು ತೊಟ್ಟಿಯೊಳಗಿನ ಕೆಸರು, ಅಂದರೆ ಕೊಳೆ ತಿಂದು ಬೆಳೆಯುವ ಬ್ಯಾಕ್ಟೀರಿಯಾಗಳ ರಾಶಿ. ಪೊರೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಕೆಸರು ಸತ್ತಿದ್ದರೂ ಪೊರೆ ತಿಳಿನೀರನ್ನೇ ಕೊಡುತ್ತದೆ. ಎಂಬಿಆರ್‌ನಲ್ಲಿ ಮೋಸ ಹೋಗುವುದು ಇಲ್ಲೇ.

ಬಯಲುಸೀಮೆಯ ಊರುಗಳಿಗಿಂತ ಕೊಡಗಿಗೆ ಇದು ಹೆಚ್ಚು ಮುಖ್ಯವಾಗಲು ಕಾರಣ ಭೂಗೋಳ. ಇಲ್ಲಿನ ರೆಸಾರ್ಟುಗಳು ನಿಂತಿರುವುದು ಹೊಳೆಯ ತಲೆಯ ಮೇಲೆ. ದಿನಕ್ಕೆ 40 ಸಾವಿರ ಲೀಟರ್ ಅಂದರೆ ಸೆಕೆಂಡಿಗೆ ಅರ್ಧ ಲೀಟರಿಗೂ ಸ್ವಲ್ಪ ಕಡಿಮೆ. ಜುಲೈನಲ್ಲಿ ಇದು ಲೆಕ್ಕಕ್ಕೇ ಇಲ್ಲ. ಏಪ್ರಿಲ್‌ನಲ್ಲಿ ಅದೇ ತೋಡು ಸೆಕೆಂಡಿಗೆ ಎರಡು ಮೂರು ಲೀಟರಿಗೆ ಇಳಿದಾಗ, ಬಿಟ್ಟ ನೀರು ಐದರಿಂದ ಏಳು ಪಟ್ಟಷ್ಟೇ ತೆಳುವಾಗುತ್ತದೆ. ಕೆಳಗೆ ಗದ್ದೆ, ಲೈನ್‌ಮನೆಗಳ ಬಾವಿ, ಆಮೇಲೆ ಕಾವೇರಿಯೋ ಲಕ್ಷ್ಮಣತೀರ್ಥವೋ. ನಿಯಮದ ಪುಸ್ತಕ ಇದನ್ನು ನೋಡುವುದಿಲ್ಲ. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ ಬಿಗಿ ಮಾನದಂಡವನ್ನೇ ತೆಗೆದುಕೊಳ್ಳಿ: ಲೀಟರಿಗೆ ಬಿಒಡಿ (ಕೊಳೆ ತಿನ್ನಲು ಜೀವಿಗಳಿಗೆ ಬೇಕಾಗುವ ಆಮ್ಲಜನಕ) 10, ಸಿಒಡಿ (ಅದನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕ) 50, ತೇಲುಕಣ 20, ಒಟ್ಟು ಸಾರಜನಕ 10, ರಂಜಕ 1 ಮಿಲಿಗ್ರಾಂ. ಅದರಲ್ಲಿ ಸಂರಕ್ಷಕಗಳ ಹೆಸರಿಲ್ಲ. ನೀರು ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ ಪ್ಯಾರಬೆನ್ ಹೊತ್ತುಕೊಂಡೇ ಹೋಗಬಹುದು, ಅದಕ್ಕೆ ಯಾರೂ ನೋಟಿಸ್ ಕೊಡುವುದಿಲ್ಲ.

ಎಲ್ಲಿಂದ, ಎಷ್ಟು

ನೀರಿನಂಶವಿರುವ ಯಾವ ಶಾಂಪೂ, ಲೋಷನ್ ಆದರೂ ಸಂರಕ್ಷಕವಿಲ್ಲದಿದ್ದರೆ ಬಾಟಲಿಯಲ್ಲೇ ಕೆಡುತ್ತದೆ. ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ಮಡಿಕೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವುಗಳಲ್ಲಿ ಹಳೆಯ, ಅಗ್ಗದ ಗುಂಪು ಪ್ಯಾರಬೆನ್: ಮೀಥೈಲ್, ಈಥೈಲ್, ಪ್ರೊಪೈಲ್, ಬ್ಯುಟೈಲ್. ಯುರೋಪ್ ಒಕ್ಕೂಟದಲ್ಲಿ ಒಂದೇ ಪ್ಯಾರಬೆನ್ ಹಾಕಿದರೆ ಶೇ. 0.4, ಮಿಶ್ರಣವಾದರೆ ಶೇ. 0.8 ಮಿತಿ. 2014ರಲ್ಲಿ ಪ್ರೊಪೈಲ್, ಬ್ಯುಟೈಲ್ ಎರಡೂ ಸೇರಿ ಶೇ. 0.14 ದಾಟಬಾರದೆಂದು ಬಿಗಿಮಾಡಿದರು, ಐಸೋಪ್ರೊಪೈಲ್, ಐಸೋಬ್ಯುಟೈಲ್ ಸೇರಿದಂತೆ ಐದನ್ನು ನಿಷೇಧಿಸಿದರು. ಅನುಮಾನ ಇರುವುದು ಹಾರ್ಮೋನಿನ ವಿಚಾರದಲ್ಲಿ. ಪ್ಯಾರಬೆನ್‌ಗಳು ಈಸ್ಟ್ರೋಜನ್ನಿನಂತೆ ವರ್ತಿಸುತ್ತವೆ, ಸರಪಳಿ ಉದ್ದವಾದಷ್ಟೂ ಹೆಚ್ಚು. ದೇಹದ ಸ್ವಂತ ಈಸ್ಟ್ರೋಜನ್ನಿಗೆ ಹೋಲಿಸಿದರೆ ಹತ್ತು ಸಾವಿರ ಪಟ್ಟಿಗೂ ದುರ್ಬಲ ಎಂಬುದನ್ನೂ ಜೊತೆಗೇ ಹೇಳಬೇಕು. ಒಂದು ಸ್ನಾನದಿಂದ ಹೊಳೆ ಹಾಳಾಗುವುದಿಲ್ಲ. ದಿನ ಬಿಡದೆ ಬೀಳುತ್ತಿರುವುದು, ಅದೂ ತೆಳುವಾಗದ ತೋಡಿಗೆ ಬೀಳುವುದು ಚಿಂತೆ.

ಪ್ರಮಾಣವನ್ನು ಗುಣಿಸಿಯೇ ನೋಡಬಹುದು. ನೂರು ಅತಿಥಿಗಳು, ತಲಾ 20 ಮಿಲಿಲೀಟರ್ ಶಾಂಪೂ ಮತ್ತು ಬಾಡಿ ವಾಶ್, ಅದರಲ್ಲಿ ಶೇ. 0.2 ಪ್ಯಾರಬೆನ್ ಎಂದಿಟ್ಟುಕೊಂಡರೆ ತಲೆಗೆ 40 ಮಿಲಿಗ್ರಾಂ, ದಿನಕ್ಕೆ 4 ಗ್ರಾಂ. 40 ಸಾವಿರ ಲೀಟರಿನಲ್ಲಿ ಅದು ಲೀಟರಿಗೆ 100 ಮೈಕ್ರೋಗ್ರಾಂ. ದೊಡ್ಡ ಊರಿನ ಚರಂಡಿಯಲ್ಲಿ ಸಾಮಾನ್ಯವಾಗಿ ಇದು ಕೆಲವು ಮೈಕ್ರೋಗ್ರಾಂನಿಂದ ಕೆಲವು ಹತ್ತು ಮೈಕ್ರೋಗ್ರಾಂ ಮಟ್ಟದಲ್ಲಿರುತ್ತದೆ. ಸ್ನಾನ ಮತ್ತು ಸ್ಪಾ ಬಿಟ್ಟರೆ ಬೇರೇನೂ ಹೆಚ್ಚಿಲ್ಲದ ರೆಸಾರ್ಟಿನ ನೀರು ಈ ವಿಷಯದಲ್ಲಿ ಊರಿನ ಕೊಳಚೆಗಿಂತ ಗಟ್ಟಿ.

‘ಪ್ಯಾರಬೆನ್ ಮುಕ್ತ’ ಎಂದು ಬರೆದ ಬಾಟಲಿ ತಂದಿಟ್ಟರೆ ಲೆಕ್ಕ ಮುಗಿಯುವುದಿಲ್ಲ. ಅದರಲ್ಲಿ ಫೀನಾಕ್ಸಿಎಥನಾಲ್ ಇರುತ್ತದೆ, ಸೋಡಿಯಂ ಬೆಂಜೋಯೇಟ್ ಇರುತ್ತದೆ, ಇಲ್ಲವೇ ಮೀಥೈಲ್‌ಐಸೋಥಯಾಜೋಲಿನೋನ್ ಇರುತ್ತದೆ. ಮೊದಲಿನ ಎರಡು ಕೆಸರಿಗೆ ಸುಲಭದ ತುತ್ತು. ಮೂರನೆಯದು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಮಟ್ಟದಲ್ಲೇ ಸೂಕ್ಷ್ಮಜೀವಿಗಳನ್ನು ಕೊಲ್ಲುವ ವಸ್ತು. ಚರ್ಮದ ಅಲರ್ಜಿಯ ಕಾರಣಕ್ಕೆ ಯುರೋಪ್ ಒಕ್ಕೂಟ 2017ರಿಂದ ಅದನ್ನು ಹಚ್ಚಿಕೊಂಡು ಬಿಡುವ ಕ್ರೀಮುಗಳಲ್ಲಿ ನಿಷೇಧಿಸಿ, ತೊಳೆದುಹೋಗುವ ಉತ್ಪನ್ನಗಳಲ್ಲಿ 15 ಪಿಪಿಎಂಗೆ ಕಟ್ಟಿಹಾಕಿದೆ. ರೆಸಾರ್ಟಿನ ಕೊಳ್ಳುವವರು ಲೇಬಲ್ ಓದುವುದಾದರೆ ಮುಂಬದಿಯ ದೊಡ್ಡ ಅಕ್ಷರ ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಬೆಂಜೋಯೇಟ್, ಸೋರ್ಬೇಟ್ ಹಾಕಿದ ಶಾಂಪೂ ಕೊಂಡರೆ ಎಸ್‌ಟಿಪಿಯ ಅರ್ಧ ತಲೆನೋವು ಅಂಗಡಿಯಲ್ಲೇ ಮುಗಿಯುತ್ತದೆ.

ಪೊರೆಯ ಪಾತ್ರ, ಕೆಸರಿನ ಪಾತ್ರ

ಅಳತೆಗಳನ್ನು ಪಕ್ಕಪಕ್ಕ ಇಡೋಣ. ಟೊಳ್ಳು ನಾರಿನ ಪೊರೆಯ ರಂಧ್ರ ಸುಮಾರು 0.04 ಮೈಕ್ರಾನ್, ಅಂದರೆ 40 ನ್ಯಾನೋಮೀಟರ್. ಚಪ್ಪಟೆ ಹಾಳೆಯ ಪೊರೆಗಳಲ್ಲಿ 0.4 ಮೈಕ್ರಾನ್‌ವರೆಗೂ ಇರುತ್ತದೆ. ಮೀಥೈಲ್ ಪ್ಯಾರಬೆನ್ನಿನ ಅಣುಭಾರ 152, ಬ್ಯುಟೈಲಿನದು 194, ರೋಗಾಣುನಾಶಕ ಟ್ರೈಕ್ಲೋಸಾನಿನದು 289. ಇವುಗಳ ಅಣು ಒಂದು ನ್ಯಾನೋಮೀಟರಿನ ಆಸುಪಾಸು. ಕಾಫಿ ಹಣ್ಣಿನ ಜರಡಿಯಲ್ಲಿ ರಾಗಿ ನಿಲ್ಲಿಸಲು ಹೊರಟಂತೆ. ಕರಗಿದ ಪ್ಯಾರಬೆನ್ ಪೊರೆಯನ್ನು ಯಾವ ಅಡ್ಡಿಯೂ ಇಲ್ಲದೆ ದಾಟುತ್ತದೆ.

ಪೊರೆ ಹಿಡಿದಿಡುವುದು ಬ್ಯಾಕ್ಟೀರಿಯಾಗಳನ್ನು. ಮಾಮೂಲಿ ಎಸ್‌ಟಿಪಿಯಲ್ಲಿ ಕೆಸರು ತಳಕ್ಕೆ ಕೂತು ನೀರು ಮೇಲಿನಿಂದ ಹರಿಯಬೇಕು. ಹಾಗಾಗಿ ಕೆಸರನ್ನು ಲೀಟರಿಗೆ 3–4 ಗ್ರಾಂಗಿಂತ ಹೆಚ್ಚು ಇಡಲಾಗದು, ಕೂರದ ಕೆಸರು ನೀರಿನ ಜೊತೆ ಕೊಚ್ಚಿಹೋಗುತ್ತದೆ. ಎಂಬಿಆರ್‌ನಲ್ಲಿ 8ರಿಂದ 12 ಗ್ರಾಂ ಇಡಬಹುದು. ಒಂದು ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ಸರಾಸರಿ ಎಷ್ಟು ದಿನ ಉಳಿಯಬೇಕೆಂಬುದನ್ನು ಆಪರೇಟರೇ ನಿರ್ಧರಿಸಬಹುದು. ಇದಕ್ಕೆ ಕೆಸರಿನ ವಯಸ್ಸು ಎನ್ನುತ್ತಾರೆ. 20–30 ದಿನದ ವಯಸ್ಸಿನಲ್ಲಿ ಅಮೋನಿಯಾ ತಿನ್ನುವ ನಿಧಾನದ ಜೀವಿಗಳೂ, ವಿಚಿತ್ರ ರಾಸಾಯನಿಕಗಳನ್ನು ಜೀರ್ಣಿಸುವ ಅಪರೂಪದ ಜೀವಿಗಳೂ ನೆಲೆಯೂರುತ್ತವೆ. ಎಂಬಿಆರ್‌ಗೆ ಕೊಡುವ ಹೆಚ್ಚಿನ ದುಡ್ಡು ಈ ವಯಸ್ಸಿಗೆ ಕೊಡುವ ದುಡ್ಡು.

ಪ್ಯಾರಬೆನ್ ಕೆಸರಿಗೆ ಬಂದಾಗ ನಡೆಯುವುದು ಹೀಗೆ. ಮೊದಲು ಎಸ್ಟರೇಸ್ ಕಿಣ್ವ ಅದನ್ನು ಎರಡಾಗಿ ಕತ್ತರಿಸುತ್ತದೆ: ಒಂದು ಕಡೆ ಮೆಥನಾಲ್‌ನಂಥ ಆಲ್ಕೊಹಾಲು, ಇನ್ನೊಂದು ಕಡೆ ಪ್ಯಾರಾ-ಹೈಡ್ರಾಕ್ಸಿಬೆಂಜೋಯಿಕ್ ಆಮ್ಲ. ಈ ಆಮ್ಲ ಸಸ್ಯಗಳಲ್ಲಿ ಇರುವಂಥದೇ. ಎಲೆ, ಸಿಪ್ಪೆ, ಮರ ಕೊಳೆಯುವಲ್ಲೆಲ್ಲ ಬ್ಯಾಕ್ಟೀರಿಯಾಗಳಿಗೆ ಅದರ ಪರಿಚಯವಿದೆ. ಗಾಳಿ ಸಾಕಷ್ಟಿದ್ದರೆ ಅದರ ಉಂಗುರವನ್ನೂ ಒಡೆದು ಇಂಗಾಲದ ಡೈಆಕ್ಸೈಡ್ ಮಾಡಿ ಮುಗಿಸುತ್ತವೆ. ಒಳ್ಳೆಯ ಕೆಸರಿನಲ್ಲಿ ಇದಕ್ಕೆ ಕೆಲವೇ ಗಂಟೆ ಸಾಕು. ಗಾಳಿ ಇಲ್ಲದಿದ್ದರೆ ಮೊದಲ ಹೆಜ್ಜೆ ನಡೆದೀತು, ಎರಡನೆಯದು ಕುಂಟುತ್ತದೆ.

ಟ್ರೈಕ್ಲೋಸಾನ್ ಕಥೆ ಬೇರೆ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇದನ್ನು ಕೈತೊಳೆಯುವ ಸೋಪುಗಳಿಂದ ಹೊರಹಾಕಿತು. ನೀರಿಗಿಂತ ಕೊಬ್ಬು ಇದಕ್ಕೆ ಹೆಚ್ಚು ಇಷ್ಟ, ಹಾಗಾಗಿ ಕೆಸರಿಗೆ ಗಟ್ಟಿಯಾಗಿ ಅಂಟುತ್ತದೆ. ಹೊರಬರುವ ನೀರಿನಲ್ಲಿ ಅಳೆದರೆ ‘ಹೋಯಿತು’ ಅನ್ನಿಸುತ್ತದೆ, ಹೋಗಿರುವುದು ಕೆಸರಿನ ಚೀಲಕ್ಕೆ. ಒಂದಿಷ್ಟು ಮೀಥೈಲ್ ಟ್ರೈಕ್ಲೋಸಾನ್ ಆಗಿ ಮಾರ್ಪಡುತ್ತದೆ, ಅದು ಮೂಲಕ್ಕಿಂತಲೂ ಹಠಮಾರಿ. ನೆಲ ಒರೆಸುವ ದ್ರಾವಣದ ಬೆಂಜಾಲ್ಕೋನಿಯಂ ಕ್ಲೋರೈಡ್ ಕೂಡ ಹೀಗೆಯೇ: ಅದರದು ಧನ ವಿದ್ಯುದಂಶ, ಕೆಸರಿನದು ಋಣ, ಎರಡೂ ಕಚ್ಚಿಕೊಳ್ಳುತ್ತವೆ. ತೆಗೆದ ಲೆಕ್ಕ ಬರೆಯುವಾಗ ತಿಂದದ್ದೆಷ್ಟು, ಅಂಟಿದ್ದೆಷ್ಟು ಎಂದು ಬೇರೆ ಮಾಡದವರ ಶೇಕಡಾವಾರು ಅಂಕಿಯನ್ನು ಹೆಚ್ಚು ನಂಬಬೇಕಿಲ್ಲ.

40 ಕೆಎಲ್‌ಡಿ ಘಟಕದ ಲೆಕ್ಕ

40 ಕೆಎಲ್‌ಡಿ, ಅಂದರೆ ದಿನಕ್ಕೆ 40 ಸಾವಿರ ಲೀಟರ್, ಲೀಟರಿಗೆ ಸಿಒಡಿ 600, ಬಿಒಡಿ 300 ಮಿಲಿಗ್ರಾಂ ಎಂದು ಹಿಡಿದರೆ ದಿನಕ್ಕೆ 12 ಕಿಲೋ ಬಿಒಡಿ. 16 ಘನ ಮೀಟರಿನ ಗಾಳಿ ತೊಟ್ಟಿ ಇದ್ದರೆ ನೀರು ಅದರಲ್ಲಿ ಸುಮಾರು 10 ಗಂಟೆ ನಿಲ್ಲುತ್ತದೆ. ಲೀಟರಿಗೆ 10 ಗ್ರಾಂ ಕೆಸರು ಇಟ್ಟರೆ ಒಟ್ಟು 160 ಕಿಲೋ ಒಣ ಕೆಸರು. 25 ದಿನದ ವಯಸ್ಸು ಬೇಕೆಂದರೆ ಪ್ರತಿದಿನ 160ನ್ನು 25ರಿಂದ ಭಾಗಿಸಿದಷ್ಟು, ಅಂದರೆ 6.4 ಕಿಲೋ ಹೊರತೆಗೆಯಬೇಕು. ತೊಟ್ಟಿಯಿಂದ ನೇರ ತೆಗೆದರೆ ಅದು 640 ಲೀಟರ್ ಕೆಸರುನೀರು. ಹಲವು ಕಡೆ ಕೆಸರು ತೆಗೆಯುವುದೇ ಇಲ್ಲ. ಕೆಸರು ಹಿಂಡುವ ಪ್ರೆಸ್ ಕೆಟ್ಟಿರುತ್ತದೆ, ಚೀಲ ಎತ್ತಲು ಆಳಿರುವುದಿಲ್ಲ. ಕೆಲವೇ ವಾರಗಳಲ್ಲಿ 15 ಗ್ರಾಂ ದಾಟಿ ಕೆಸರು ಅಂಬಲಿಯಂತೆ ಮಂದವಾಗುತ್ತದೆ, ಗಾಳಿ ಒಳಗೆ ಕರಗುವುದಿಲ್ಲ, ಪೊರೆಯ ನಡುವೆ ಕೆಸರು ಕಚ್ಚುತ್ತದೆ. ವಯಸ್ಸು ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ.

ಪೊರೆಯ ವಿಸ್ತೀರ್ಣ ಹೀಗೆ ಬರುತ್ತದೆ. ದಿನದಲ್ಲಿ 20 ಗಂಟೆ ನಡೆಸಿದರೆ ಗಂಟೆಗೆ 2 ಸಾವಿರ ಲೀಟರ್. ಒಂದು ಚದರ ಮೀಟರಿಗೆ ಗಂಟೆಗೆ 15 ಲೀಟರಿನ ನಿವ್ವಳ ಹರಿವು ಹಿಡಿದರೆ 133, ಸ್ವಲ್ಪ ಕೈಬಿಚ್ಚಿ 140 ಚದರ ಮೀಟರ್. ಕೊಟೇಶನ್ನಿನಲ್ಲಿ ಗಂಟೆಗೆ 25 ಲೀಟರ್ ಎಂದು ಹಿಡಿದು 80 ಚದರ ಮೀಟರಿನಲ್ಲಿ ಮುಗಿಸಿದ್ದರೆ ಅಲ್ಲೇ ನಿಲ್ಲಿಸಿ ಕೇಳಬೇಕು, ಅಗ್ಗವಾದದ್ದು ಹೇಗೆಂದು ಗೊತ್ತಾಗುತ್ತದೆ. ಪೊರೆಯ ಮೂಲಕ ಎಂಟು ನಿಮಿಷ ನೀರು ಎಳೆದು ಎರಡು ನಿಮಿಷ ಬಿಡುವು, ಆ ಬಿಡುವಿನಲ್ಲೂ ಕೆಳಗಿನಿಂದ ಗಾಳಿ ಗುಳ್ಳೆ ಪೊರೆಯನ್ನು ಉಜ್ಜುತ್ತಿರಬೇಕು. ಎಳೆತದ ಒತ್ತಡ ಹೊಸತರಲ್ಲಿ 5–10 ಕಿಲೋಪ್ಯಾಸ್ಕಲ್, 30 ತಲುಪಿದರೆ ದೊಡ್ಡ ತೊಳೆತದ ಹೊತ್ತಾಯಿತು. ಗೇಜು ಓದುವಾಗ ಪಂಪು ನಿಂತಾಗಿನ ಅಂಕಿಯನ್ನು ಕಳೆಯುವುದನ್ನು ಮರೆಯಬಾರದು.

ಪೊರೆಯ ಮುಂದೆ ಜಾಲರಿ: ನಾರಿನ ಪೊರೆಗೆ 1–2 ಮಿಲಿಮೀಟರ್, ಹಾಳೆಗೆ 2–3. ಕೂದಲು ನಾರಿನ ಬುಡಕ್ಕೆ ಜಡೆಯಾಗಿ ಹೆಣೆದುಕೊಂಡರೆ ರಾಸಾಯನಿಕ ತೊಳೆತದಿಂದ ಬಿಡುವುದಿಲ್ಲ, ಕೈಯಲ್ಲೇ ಕೀಳಬೇಕು. ಸ್ಪಾದ ಎಣ್ಣೆಗೂ ಅಡುಗೆಮನೆಗೂ ಬೇರೆ ಬೇರೆ ಗ್ರೀಸ್ ಟ್ರ್ಯಾಪ್ ಇರಲಿ, ಎಂಬಿಆರ್‌ಗೆ ಬರುವ ನೀರಿನಲ್ಲಿ ಎಣ್ಣೆ ಲೀಟರಿಗೆ 50 ಮಿಲಿಗ್ರಾಂ ದಾಟಬಾರದು. ಶಾಂಪೂ ನೊರೆ ಉಕ್ಕಿದಾಗ ಸಿಲಿಕೋನ್ ನೊರೆನಾಶಕ ಸುರಿಯುವುದು ಅತಿ ಕೆಟ್ಟ ಅಭ್ಯಾಸ. ಸಿಲಿಕೋನ್ ಪೊರೆಗೆ ಮೆತ್ತಿಕೊಂಡರೆ ಬಿಡುವುದು ಕಷ್ಟ. ನೀರು ಚಿಮುಕಿಸಿ, ಇಲ್ಲವೇ ಆಲ್ಕೊಹಾಲ್ ಆಧಾರಿತ ನೊರೆನಾಶಕ ಬಳಸಿ. ಬಹಳ ಸಲ ನೊರೆ ಬರುವುದು ಕೆಸರು ಕಡಿಮೆಯಾದ್ದರಿಂದ, ಅದನ್ನು ಮೊದಲು ನೋಡಬೇಕು.

ಕೊಡಗಿನಲ್ಲಿ ಕೈಕೊಡುವ ಜಾಗಗಳು

ಮೊದಲನೆಯದು ಮಳೆ. ಸಾವಿರ ಚದರ ಅಡಿಯ ಚಾವಣಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 9 ಸಾವಿರ ಲೀಟರಿಗೂ ಹೆಚ್ಚು ನೀರು. ಆ ಒಂದು ಪೈಪು ತಪ್ಪಿ ಎಸ್‌ಟಿಪಿಗೆ ಸೇರಿದರೆ 40 ಕೆಎಲ್‌ಡಿಯ ಕಾಲು ಭಾಗ ಹೋಯಿತು. ಮಾಮೂಲಿ ಘಟಕ ಹೆಚ್ಚಿನ ನೀರನ್ನು ಹೇಗೋ ದಾಟಿಸಿಬಿಡುತ್ತದೆ. ಪೊರೆ ಹಾಗಲ್ಲ, ತನ್ನ ಮಿತಿ ಮೀರಿ ಒಂದು ಲೀಟರನ್ನೂ ಬಿಡುವುದಿಲ್ಲ. ತೊಟ್ಟಿ ತುಂಬಿ ಬೈಪಾಸ್ ವಾಲ್ವ್ ತೆರೆಯುತ್ತಾರೆ, ಕಚ್ಚಾ ನೀರು ತೋಡಿಗೆ. ಮೇ ತಿಂಗಳಲ್ಲೇ ಮ್ಯಾನ್‌ಹೋಲ್ ಮುಚ್ಚಳ, ತೊಟ್ಟಿಯ ಗೋಡೆಯ ಜಿನುಗು, ಚಾವಣಿಯ ಪೈಪು ಈ ಮೂರನ್ನು ನೋಡಿದರೆ ಜುಲೈ ಸಲೀಸು.

ಎರಡನೆಯದು ಕರೆಂಟು. ಇದನ್ನು ಕಡೆಗಣಿಸುವವರೇ ಹೆಚ್ಚು. ಲೀಟರಿಗೆ 10 ಗ್ರಾಂ ಇರುವ ಕೆಸರು ಗಂಟೆಗೆ ಸುಮಾರು 40 ಮಿಲಿಗ್ರಾಂ ಆಮ್ಲಜನಕ ಉಸಿರಾಡುತ್ತದೆ ಎಂದುಕೊಂಡರೆ, ನೀರಿನಲ್ಲಿರುವ 2 ಮಿಲಿಗ್ರಾಂ ಮುಗಿಯಲು ಮೂರು ನಿಮಿಷ. ಗಾಳಿ ಊದುವ ಬ್ಲೋವರ್ ನಿಂತ ಮೂರೇ ನಿಮಿಷಕ್ಕೆ ಪ್ಯಾರಬೆನ್ ಉಂಗುರ ಒಡೆಯುವ ಕೆಲಸ ಸೊರಗತೊಡಗುತ್ತದೆ. ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟು ಬಾರದ ಊರುಗಳಲ್ಲಿ ಜನರೇಟರಿಗೆ ಎಸ್‌ಟಿಪಿಯ ಬ್ಲೋವರ್ ಸೇರಿಸದೆ ಬರೀ ಕೋಣೆಗಳ ದೀಪ, ಗೀಸರ್ ಸೇರಿಸಿದ ವಯರಿಂಗ್ ಸಾಮಾನ್ಯ. ಇಡೀ ದಿನ ಗಾಳಿ ಇಲ್ಲದ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕರೆಂಟು ಬಂದ ಕೂಡಲೇ ನೀರು ಎಳೆಯಬಾರದು. ಮೊದಲು ಐದಾರು ಗಂಟೆ ಗಾಳಿ ಕೊಟ್ಟು, ಎಳೆದ ಮೊದಲ ನೀರನ್ನು, ಬರುವ ಕೊಳಚೆಯನ್ನು ಕೂಡಿಡುವ ಸಮತೋಲನ ತೊಟ್ಟಿಗೇ ಮರಳಿಸಬೇಕು. ಗಾಳಿ ನಿಂತರೆ ಎಳೆಯುವ ಪಂಪೂ ತಾನಾಗಿ ನಿಲ್ಲುವಂತೆ ಇಂಟರ್‌ಲಾಕ್ ಇರಲೇಬೇಕು, ಇಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ಪೊರೆ ಗಟ್ಟಿ ಕೆಸರಿನಿಂದ ಕಟ್ಟಿಕೊಳ್ಳುತ್ತದೆ.

ಚಳಿಯ ಕಾಟ ಇದರಷ್ಟಿಲ್ಲ. ಡಿಸೆಂಬರ್–ಜನವರಿಯಲ್ಲಿ ತೊಟ್ಟಿಯ ನೀರು 25ರಿಂದ 16 ಡಿಗ್ರಿಗೆ ಇಳಿದರೆ ಅದರ ಸ್ನಿಗ್ಧತೆ ಏರಿ, ಅದೇ ಒತ್ತಡಕ್ಕೆ ಬರುವ ನೀರು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಕ್ರಿಸ್‌ಮಸ್, ಹೊಸವರ್ಷದ ಜನ. ಜೀವಿಗಳೂ ನಿಧಾನ. ವಿಸ್ತೀರ್ಣದಲ್ಲಿ ಕೈಬಿಚ್ಚಬೇಕು ಎಂದದ್ದು ಈ ಎರಡು ವಾರಗಳಿಗಾಗಿ.

ಶನಿವಾರ ಭರ್ತಿ, ಮಂಗಳವಾರ ಖಾಲಿ ಎಂಬ ಏರಿಳಿತಕ್ಕೆ 20–25 ಘನ ಮೀಟರಿನ ಸಮತೋಲನ ತೊಟ್ಟಿ ಬೇಕು, ಅಂದರೆ 12ರಿಂದ 15 ಗಂಟೆಯ ನೀರು. ಈ ತೊಟ್ಟಿ ಏರಿಳಿತದ ಜೊತೆಗೆ ವಿಷವನ್ನೂ ತೆಳುಮಾಡುತ್ತದೆ. ಶೇ. 50ರ ಬೆಂಜಾಲ್ಕೋನಿಯಂ ಕ್ಯಾನಿನ ಒಂದು ಲೀಟರ್ ಸಿಂಕಿಗೆ ಸುರಿದರೆ 500 ಗ್ರಾಂ. 20 ಘನ ಮೀಟರಿನಲ್ಲಿ ಅದು ಲೀಟರಿಗೆ 25 ಮಿಲಿಗ್ರಾಂ, ಅಮೋನಿಯಾ ತಿನ್ನುವ ಜೀವಿಗಳು ತತ್ತರಿಸಲು ಸಾಕು. ಸಮತೋಲನ ತೊಟ್ಟಿಯೇ ಇಲ್ಲದಿದ್ದರೆ ಕೆಸರಿನ ಕಥೆ ಊಹಿಸಿಕೊಳ್ಳಬಹುದು. ಹೌಸ್‌ಕೀಪಿಂಗ್‌ನವರಿಗೆ ಹೇಳಬೇಕಾದ್ದು ಒಂದೇ: ಉಳಿದ ಗಟ್ಟಿ ದ್ರಾವಣ ಚರಂಡಿಗೆ ಹೋಗಬಾರದು.

ಮಳೆ ಬಿಟ್ಟ ಮೇಲೆ ಬೂಷ್ಟು ಕೆರೆದು ಹೊಸ ಬಣ್ಣ ಹೊಡೆಯುವ ಕಾಲಕ್ಕೆ ಇನ್ನೊಂದು ಸಮಸ್ಯೆ. ಎಮಲ್ಷನ್ ಬಣ್ಣದಲ್ಲಿ ಡಬ್ಬಿ ಕೆಡದಿರಲು ಐಸೋಥಯಾಜೋಲಿನೋನ್, ಗೋಡೆಗೆ ಬೂಷ್ಟು ಹಿಡಿಯದಿರಲು ಕಾರ್ಬೆಂಡಜಿಮ್, ಡೈಯುರಾನ್‌ನಂಥವು ಇರಬಹುದು. ಬ್ರಷ್ ತೊಳೆದ ನೀರಿನಲ್ಲಿ ಕೆಸರನ್ನು ಕೊಲ್ಲುವಷ್ಟು ವಿಷ ಇರುವುದಿಲ್ಲ, ಆ ಭಯ ಬೇಡ. ತೊಂದರೆ ಎರಡು ಬೇರೆ: ಬಣ್ಣದ ಅಂಟು ಪೊರೆಯ ಮೇಲೆ ಪದರವಾಗಿ ಕೂರುತ್ತದೆ, ಕಾರ್ಬೆಂಡಜಿಮ್ ಮತ್ತು ಡೈಯುರಾನ್ ಕೆಸರಿಗೆ ಸುಲಭವಾಗಿ ಜಗ್ಗುವುದಿಲ್ಲ. ಬ್ರಷ್ಷು, ರೋಲರ್ ತೊಳೆಯಲು ಒಂದು ಡ್ರಮ್ಮು ಇಟ್ಟು, ಗಸಿ ಕೂತ ಮೇಲೆ ಅದನ್ನು ಒಣಗಿಸಿ ಬೇರೆಯೇ ವಿಲೇವಾರಿ ಮಾಡಬೇಕು.

ಸ್ಕ್ವಾಷ್, ಜಾಮ್ ಮಾಡುವವರ ನೀರು ರೆಸಾರ್ಟಿನ ನೀರಿಗಿಂತ ಬೇರೆ ಜಾತಿ. ಬೆಂಜೋಯಿಕ್ ಆಮ್ಲದ ಕೊಲ್ಲುವ ಶಕ್ತಿ ಇರುವುದು ಹುಳಿಯಲ್ಲಿ. ಪಿಎಚ್ 4.2ರಲ್ಲಿ ಅದರ ಅರ್ಧ ಭಾಗ ಜೀವಕೋಶದೊಳಕ್ಕೆ ನುಗ್ಗಬಲ್ಲ ರೂಪದಲ್ಲಿರುತ್ತದೆ, ಪಿಎಚ್ 7ರಲ್ಲಿ ಅದು ಶೇ. 0.2ಕ್ಕೂ ಕಡಿಮೆ. ಹಾಗಾಗಿ ಪ್ಯಾಶನ್ ಫ್ರೂಟ್ ಸ್ಕ್ವಾಷಿನ ಪಾತ್ರೆ ತೊಳೆದ ಹುಳಿ ನೀರನ್ನು ಸುಣ್ಣ ಹಾಕಿ 6.5–7.5ಕ್ಕೆ ತಂದರೆ ಅದೇ ಬೆಂಜೋಯೇಟ್ ವಿಷವಾಗಿದ್ದದ್ದು ಆಹಾರವಾಗುತ್ತದೆ. ಕೆಟ್ಟ 10 ಲೀಟರ್ ಸ್ಕ್ವಾಷ್ ಸುರಿದರೆ ಅದರಲ್ಲಿ 600 ಪಿಪಿಎಂ ಲೆಕ್ಕದಲ್ಲಿ 6 ಗ್ರಾಂ ಬೆಂಜೋಯಿಕ್ ಆಮ್ಲ, ಅದನ್ನು ಸುಡಲು 12 ಗ್ರಾಂ ಆಮ್ಲಜನಕ ಸಾಕು. ಆದರೆ ಜೊತೆಗಿರುವ 4 ಕಿಲೋ ಸಕ್ಕರೆಗೆ ನಾಲ್ಕೂವರೆ ಕಿಲೋ ಆಮ್ಲಜನಕ ಬೇಕು. ಸಂರಕ್ಷಕಕ್ಕೆ ಹೆದರಿ ಸಕ್ಕರೆಯನ್ನು ಮರೆತವರ ತೊಟ್ಟಿ ಹುಳಿತು ನಾರುತ್ತದೆ. ಕಾಫಿ ಪಲ್ಪಿಂಗ್ ನೀರನ್ನಂತೂ ರೆಸಾರ್ಟಿನ ಎಂಬಿಆರ್‌ಗೆ ಯಾವ ಕಾರಣಕ್ಕೂ ಸೇರಿಸಬಾರದು, ಅದರ ಬಿಒಡಿ ಈ ತೊಟ್ಟಿಗಳ ಅಳತೆಯದ್ದಲ್ಲ.

ಕ್ಲೋರಿನ್ನಿನ ಕೊಕ್ಕೆ

ಪ್ಯಾರಬೆನ್ ಇರುವ ನೀರಿಗೆ ಕ್ಲೋರಿನ್ ಹಾಕಿದರೆ ಪ್ಯಾರಬೆನ್ ಮಾಯವಾಗುವುದಿಲ್ಲ, ಅದರ ಉಂಗುರಕ್ಕೆ ಒಂದೋ ಎರಡೋ ಕ್ಲೋರಿನ್ ಅಂಟುತ್ತದೆ. ಈ ಕ್ಲೋರಿನ್ ಪ್ಯಾರಬೆನ್‌ಗಳು ಮೂಲಕ್ಕಿಂತ ನಿಧಾನವಾಗಿ ಒಡೆಯುತ್ತವೆ, ನೀರಿನ ಸಣ್ಣ ಜೀವಿಗಳಿಗೆ ಹೆಚ್ಚು ವಿಷ. ಪ್ರಯೋಗಾಲಯದಲ್ಲಿ ಬರೀ ಪ್ಯಾರಬೆನ್ ಅಳೆದರೆ ಕ್ಲೋರಿನ್ ತೊಟ್ಟಿಯ ಆಚೆ ಶೂನ್ಯ ಬರುತ್ತದೆ, ಎಲ್ಲರಿಗೂ ಸಂತೋಷ. ಆದ್ದರಿಂದ ಕೆಸರಿನ ಕೆಲಸ ಪೂರ್ತಿ ಮುಗಿದ ಮೇಲಷ್ಟೇ ಕ್ಲೋರಿನ್. ಎಂಬಿಆರ್ ನೀರು ತಿಳಿಯಾಗಿರುವುದರಿಂದ ರೋಗಾಣು ಕೊಲ್ಲಲು ಯುವಿ ದೀಪ ಸಲೀಸಾಗಿ ಕೆಲಸ ಮಾಡುತ್ತದೆ, ತೋಡಿಗೆ ಬಿಡುವ ನೀರಿಗೆ ಅದೇ ಮೇಲು. ಫ್ಲಷ್ ಟ್ಯಾಂಕಿಗೆ ಹೋಗುವ ನೀರಿಗೆ ಮಾತ್ರ ಒಂದಿಷ್ಟು ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಕ್ಲೋರಿನ್ ದ್ರಾವಣ) ಇರಲಿ.

ಪೊರೆ ತೊಳೆಯಲೂ ಹೈಪೋ ಬೇಕೇ ಬೇಕು. ವಾರಕ್ಕೊಮ್ಮೆ ಲೀಟರಿಗೆ 300–500 ಮಿಲಿಗ್ರಾಂ ಕ್ಲೋರಿನ್, ಚದರ ಮೀಟರಿಗೆ ಸುಮಾರು 2 ಲೀಟರ್ ದ್ರಾವಣ. 140 ಚದರ ಮೀಟರಿಗೆ 280 ಲೀಟರ್, ಅದಕ್ಕೆ ಶೇ. 10ರ ಹೈಪೋ ಒಂದೂವರೆ ಲೀಟರಿನೊಳಗೆ. ಹೈಪೋ ಕ್ಯಾನು ಬಿಸಿಲಿನಲ್ಲಿ ತಿಂಗಳಿದ್ದರೆ ಸತ್ವ ಇಳಿದಿರುತ್ತದೆ, ಅಳತೆ ಹೆಚ್ಚಿಸುವ ಬದಲು ಹೊಸ ಕ್ಯಾನು ತರಿಸಬೇಕು. ಆರು ತಿಂಗಳಿಗೊಮ್ಮೆ ದೊಡ್ಡ ತೊಳೆತ: 1000–2000 ಮಿಲಿಗ್ರಾಂ ಹೈಪೋದಲ್ಲಿ ನೆನೆಸಿ, ನೀರಿನಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಪಿಎಚ್ 2–3ರ ಸಿಟ್ರಿಕ್ ಆಮ್ಲ. ಕಬ್ಬಿಣಾಂಶದ ಕೊಳವೆಬಾವಿ ನೀರು ಬಳಸುವಲ್ಲಿ ಪೊರೆ ಕೆಂಪಗಾಗಿದ್ದರೆ ಅದನ್ನು ಬಿಡಿಸುವುದು ಸಿಟ್ರಿಕ್ಕೇ, ಹೈಪೋ ಎಷ್ಟು ಸುರಿದರೂ ಉಪಯೋಗವಿಲ್ಲ. ಎರಡನ್ನೂ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ನಡುವೆ ನೀರಿನ ತೊಳೆತ ತಪ್ಪಿಸಿದ ಆಪರೇಟರ್ ಜೀವಕ್ಕೇ ಅಪಾಯ.

ಇದರ ಮೇಲೂ ಉಳಿಯುವ ಚೂರುಪಾರಿಗೆ ಇದ್ದಿಲಿನ ದಾರಿ ಎರಡು. ಪುಡಿ ಇದ್ದಿಲನ್ನು ಗಾಳಿ ತೊಟ್ಟಿಗೇ ಹಾಕಿ ಲೀಟರಿಗೆ 1 ಗ್ರಾಂ ಮಟ್ಟ ಕಾಯ್ದುಕೊಳ್ಳುವುದು ಒಂದು. 16 ಘನ ಮೀಟರಿಗೆ ಮೊದಲು 16 ಕಿಲೋ, ಆಮೇಲೆ ದಿನವೂ ಕೆಸರಿನ ಜೊತೆ ಹೋಗುವ 640 ಗ್ರಾಂ ತುಂಬಿಸುತ್ತಿರಬೇಕು. ಇನ್ನೊಂದು, ಪೊರೆಯ ನಂತರ ಹರಳು ಇದ್ದಿಲಿನ ಪಾತ್ರೆ: ಗಂಟೆಗೆ 2 ಸಾವಿರ ಲೀಟರಿಗೆ 15 ನಿಮಿಷದ ಸಂಪರ್ಕ ಬೇಕೆಂದರೆ 500 ಲೀಟರ್ ಇದ್ದಿಲು. ಬರೀ ಪ್ಯಾರಬೆನ್ನಿಗಾಗಿ ಇದು ದಂಡ. ಟ್ರೈಕ್ಲೋಸಾನ್, ಔಷಧ, ಬೂಷ್ಟುನಾಶಕಗಳೂ ಹೋಗಬೇಕು ಎಂದಾಗ ಅರ್ಥವಿದೆ.

ಕೆಸರು ತೋಟಕ್ಕೆ ಹೋಗಬಹುದೆ?

ಪ್ರೆಸ್ಸಿನಿಂದ ಬಂದ ಕೆಸರನ್ನು ಕಾಫಿ ಗಿಡದ ಬುಡಕ್ಕೆ ಹಾಕುವುದು ರೂಢಿ, ಸಾರಜನಕ ರಂಜಕ ಎರಡೂ ಇದೆ ಎಂಬುದೂ ಸರಿ. ಪ್ಯಾರಬೆನ್ನಿನ ಮಟ್ಟಿಗೆ ಅಡ್ಡಿಯಿಲ್ಲ, ಗಾಳಿಯಾಡುವ ಮಣ್ಣಿನಲ್ಲಿ ಅದು ಉಳಿಯುವುದಿಲ್ಲ. ಅಂಟಿಕೊಂಡ ಟ್ರೈಕ್ಲೋಸಾನ್, ಬೆಂಜಾಲ್ಕೋನಿಯಂ ಮಾತ್ರ ಕೆಸರಿನ ಜೊತೆ ತೋಟಕ್ಕೇ ಹೋಗುತ್ತವೆ. ಕಾಫಿ ಸಿಪ್ಪೆ, ದರಗು ಸೇರಿಸಿ ಮಗುಚುತ್ತ ಎರಡು ಮೂರು ತಿಂಗಳು ಬಿಸಿ ಕಾಂಪೋಸ್ಟ್ ಮಾಡಿ, ಮಳೆಗಾಲ ಮುಗಿದ ಮೇಲೆ ಹಾಕುವುದು ವಿವೇಕ. ಜೂನ್‌ನಲ್ಲಿ ಇಳಿಜಾರಿನ ಬುಡಕ್ಕೆ ಹಾಕಿದ್ದು ಜುಲೈನಲ್ಲಿ ತೋಡಿನಲ್ಲಿರುತ್ತದೆ. ತೊಳೆಯದೆ ತಿನ್ನುವ ಸೊಪ್ಪು ತರಕಾರಿಗೆ ಬೇಡ.

ಮೂರು ನಾಲ್ಕು ಕೋಣೆಯ ಹೋಂಸ್ಟೇಗಳಿಗೆ ಎಂಬಿಆರ್ ಹೇಳುವವರನ್ನು ದೂರವಿಡುವುದು ಒಳ್ಳೆಯದು. ದಿನಕ್ಕೆ ಸಾವಿರ ಎರಡು ಸಾವಿರ ಲೀಟರಿಗೆ ಬ್ಲೋವರ್, ಪಿಎಲ್‌ಸಿ (ಸ್ವಯಂಚಾಲಿತ ನಿಯಂತ್ರಣ ಯಂತ್ರ), ವಾರದ ಹೈಪೋ ತೊಳೆತ ಯಾರು ನೋಡುತ್ತಾರೆ? ಅಲ್ಲಿಗೆ ಮೂರು ಕೋಣೆಯ ಸೆಪ್ಟಿಕ್ ಟ್ಯಾಂಕ್, ಅದರಾಚೆ ಮೇಲಿನಿಂದ ಸರದಿಯಂತೆ ನೀರು ಹಾಯಿಸಿ ಗಾಳಿಯಾಡಲು ಬಿಡುವ ಜಲ್ಲಿ-ಮರಳಿನ ಗಿಡದ ಹಾಸು ಸಾಕು. ಪ್ಯಾರಬೆನ್ ತಿನ್ನುವ ಜೀವಿಗಳಿಗೆ ಬೇಕಾದ ಗಾಳಿ ಅಲ್ಲೂ ಸಿಗುತ್ತದೆ. ಸೆಪ್ಟಿಕ್ ಟ್ಯಾಂಕಿನಿಂದ ನೇರ ಇಂಗುಗುಂಡಿಗೆ ಬಿಡುವುದು ಮಾತ್ರ ಯೋಚಿಸಬೇಕಾದ ವಿಷಯ. ಮಳೆಗಾಲದಲ್ಲಿ ಅಂತರ್ಜಲ ಗುಂಡಿಯವರೆಗೇ ಏರುತ್ತದೆ, ಕೆಳಗಿನ ಬಾವಿಗೂ ಗುಂಡಿಗೂ ಅಂತರವೇ ಉಳಿಯುವುದಿಲ್ಲ. 2018ರ ಆಗಸ್ಟ್‌ನ ಭೂಕುಸಿತದ ನಂತರ, ಕಡಿದಾದ ಬರೆಯ ತಲೆಯಲ್ಲಿ ನೀರು ಇಂಗಿಸುವುದಕ್ಕೆ ಬೇರೆಯೇ ಕಾರಣದಿಂದಲೂ ಹಿಂಜರಿಯಬೇಕು.

ಅಳೆಯುವ ವಿಚಾರ

ಪ್ಯಾರಬೆನ್ ಅಳೆಯಲು, ಅತಿ ಸಣ್ಣ ಪ್ರಮಾಣವನ್ನೂ ಗುರುತಿಸುವ ಎಲ್‌ಸಿ-ಎಂಎಸ್ ಯಂತ್ರವಿರುವ ಪ್ರಯೋಗಾಲಯ ಬೇಕು. ಕಂದು ಗಾಜಿನ ಬಾಟಲಿ, ಆಮ್ಲ ಹಾಕಿ ಪಿಎಚ್ 3ರ ಆಸುಪಾಸು, ಐಸ್ ಪೆಟ್ಟಿಗೆ. ಕ್ಲೋರಿನ್ ಹಾಕಿದ ನೀರಾದರೆ ತೆಗೆದ ಕ್ಷಣವೇ ಆಸ್ಕಾರ್ಬಿಕ್ ಆಮ್ಲ ಹಾಕಿ ಕ್ಲೋರಿನ್ ಕೊಲ್ಲಬೇಕು, ಕ್ಲೋರಿನ್ ಪ್ಯಾರಬೆನ್‌ಗಳನ್ನೂ ಅಳೆಯಲು ಬರೆದುಕೊಡಬೇಕು. ಮಾದರಿ ತೆಗೆಯುವವರು ಬೆಳಿಗ್ಗೆ ಕೈಗೆ ಕ್ರೀಮು ಹಚ್ಚಿದ್ದರೆ ಅದೇ ಬಾಟಲಿಗೆ ಇಳಿದು ಫಲಿತಾಂಶ ಕೆಡುತ್ತದೆ. ಹಾಗಾಗಿ ಕೈಗವಸು, ಜೊತೆಗೆ ಹೋಲಿಕೆಗೆ ಶುದ್ಧ ನೀರು ತುಂಬಿದ ಇನ್ನೊಂದು ಬಾಟಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲೊಮ್ಮೆ, ವರ್ಷಾಂತ್ಯದ ಜನಜಂಗುಳಿಯಲ್ಲೊಮ್ಮೆ ಮಾಡಿಸಿದರೆ ಸಾಕು.

ದಿನನಿತ್ಯಕ್ಕೆ ಅಗ್ಗದ ಎರಡು ಸಾಕ್ಷಿಗಳಿವೆ. ಹೊರನೀರಿನ ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಕೆಸರಿನ ವಯಸ್ಸೂ ಗಾಳಿಯೂ ಸರಿಯಿದೆ, ಪ್ಯಾರಬೆನ್ನಿಗೆ ಅಷ್ಟು ಬೇಕಾಗುವುದೂ ಇಲ್ಲ. ಇನ್ನೊಂದು, ಕೆಸರಿನ ಉಸಿರಾಟ: ಬಾಟಲಿಯಲ್ಲಿ ಕೆಸರು ತುಂಬಿ, ಗಾಳಿ ಊದಿ, ಡಿಒ (ಕರಗಿದ ಆಮ್ಲಜನಕ) ಮೀಟರ್ ಇಳಿಸಿ ಗಾಳಿ ನಿಲ್ಲಿಸಿ, ಆಮ್ಲಜನಕ ನಿಮಿಷಕ್ಕೆಷ್ಟು ಇಳಿಯುತ್ತದೆಂದು ಬರೆದಿಡುವುದು. ಹತ್ತು ನಿಮಿಷದ ಕೆಲಸ. ಅತಿಥಿಗಳಿದ್ದೂ ಅದು ವಾರದ ಸರಾಸರಿಯ ಅರ್ಧಕ್ಕೆ ಇಳಿದ ದಿನ ಯಾರೋ ಏನನ್ನೋ ಸುರಿದಿದ್ದಾರೆ ಎಂದು ಅನುಮಾನಿಸಬೇಕು, ಪೊರೆಯ ನೀರು ಎಷ್ಟೇ ತಿಳಿಯಾಗಿರಲಿ. ಅಂದು ಹೊರಬಿಡುವುದನ್ನು ನಿಲ್ಲಿಸಿ, ಹೌಸ್‌ಕೀಪಿಂಗ್ ಕೋಣೆಯ ಖಾಲಿ ಕ್ಯಾನುಗಳನ್ನು ಎಣಿಸಬೇಕು.

2024ರಲ್ಲಿ ಪರಿಷ್ಕರಿಸಿದ ನಗರ ಕೊಳಚೆನೀರು ನಿರ್ದೇಶನದಲ್ಲಿ ಯುರೋಪ್ ಒಕ್ಕೂಟ ಇಂಥ ಸೂಕ್ಷ್ಮ ಮಾಲಿನ್ಯ ತೆಗೆಯುವ ನಾಲ್ಕನೇ ಹಂತವನ್ನು ದೊಡ್ಡ ಊರುಗಳಿಗೆ ಕಡ್ಡಾಯ ಮಾಡಿದೆ. ಅದರ ಖರ್ಚಿನ ಶೇ. 80ರಷ್ಟನ್ನಾದರೂ ಔಷಧ ಮತ್ತು ಸೌಂದರ್ಯವರ್ಧಕ ತಯಾರಕರೇ ಭರಿಸಬೇಕು ಎಂದಿದೆ. ಅಲ್ಲಿ ಅಳೆಯುವ 12 ಸೂಚಕ ವಸ್ತುಗಳಲ್ಲಿ ಪ್ಯಾರಬೆನ್ ಇಲ್ಲ. ಆ ಪಟ್ಟಿಯಲ್ಲಿರುವುದು ಡೈಕ್ಲೋಫೆನಾಕ್, ಕಾರ್ಬಮಜೆಪಿನ್‌ನಂಥ, ಮಾಮೂಲಿ ಜೈವಿಕ ಘಟಕಕ್ಕೆ ಜಗ್ಗದ ವಸ್ತುಗಳು. ನಮ್ಮಲ್ಲಿ ತಯಾರಕರ ಜೇಬಿಗೆ ಕೈಹಾಕುವ ನಿಯಮ ಇಲ್ಲದಿರುವಾಗ ಖರ್ಚು ರೆಸಾರ್ಟಿನವರದೇ. ಎಂಬಿಆರ್‌ನ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವಾಗ ಪೊರೆಯ ವಾರಂಟಿಯ ಜೊತೆಗೆ ಮೂರು ಸಾಲು ಬರೆಸಿಕೊಳ್ಳಿ: ದಿನಕ್ಕೆ ತೆಗೆದ ಕೆಸರಿನ ಲೀಟರ್, ಹೊರನೀರಿನ ಅಮೋನಿಯಾ, ಬ್ಲೋವರ್ ನಿಂತ ನಿಮಿಷಗಳು. ಈ ಮೂರು ಅಂಕಿ ಪುಸ್ತಕದಲ್ಲಿ ಇಲ್ಲದ ಘಟಕದ ಬಗ್ಗೆ ಪ್ಯಾರಬೆನ್ ಹೋಯಿತೇ ಎಂದು ಕೇಳಿ ಪ್ರಯೋಜನವಿಲ್ಲ.